ಗಂಗವ್ವ ಮ್ಯಾಟಿಗೆ ಇಳಿದದ್ದು

'ಅಕ್ಕಾರ, ನೀವು ನೋಡಿ ಹೇಳ್ರಿ. ನಾ ಈ ಕಡೆ ತಿರುಗಿ ಕುಂಡರ್ತೇನಿ.'

ಹೀಗೆಂದವರು ನನಗೆ ಆ ಕ್ಷಣದವರೆಗೆ ಪರಿಚಯವೇ ಇರದ ಹೆಂಗಸು. ಹೇಳಿದ್ದೇ ತಡ, ಸೆರಗು ಸರಿ ಮಾಡಿಕೊಂಡು, ಕುಸ್ತಿಗೆ ಬೆನ್ನು ಹಾಕಿ, ಗ್ಯಾಲರಿಯ ಗೋಡೆಗೆ ಮುಖ ಮಾಡಿ ಕುಳಿತೇಬಿಟ್ಟರು.

ನಾನು ಏನನ್ನು ನೋಡಿ ಹೇಳಬೇಕು? ಯಾರ ಬಗ್ಗೆ? ಅಷ್ಟಕ್ಕೂ ನನಗೆ ಕುಸ್ತಿ ಎಷ್ಟು ಗೊತ್ತು?

ಮೊದಲಿನಿಂದ ಹೇಳುತ್ತೇನೆ. ಕಳೆದ ಭಾನುವಾರ ಧಾರವಾಡದ ತವರಿನಿಂದ ದಾಂಡೇಲಿಗೆ ವಾಪಸು ಬರುತ್ತಿದ್ದೆವು. ಹಳಿಯಾಳ ದಾಟುವಾಗ ನಮ್ಮ ಯಜಮಾನರು ಕಾರನ್ನು ಗಕ್ಕನೆ ಎಡಕ್ಕೆ ತಿರುಗಿಸಿದರು. ಯಾಕೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ರಸ್ತೆಯುದ್ದಕ್ಕೂ ಫ್ಲೆಕ್ಸುಗಳು, ಅವುಗಳ ತುಂಬ ಹೋರಿಯ ಕೊರಳಿನಂಥ ಕೊರಳುಳ್ಳ ಪೈಲ್ವಾನರು. ಕುಸ್ತಿ ಪಂದ್ಯಾವಳಿಯ ಕೊನೆಯ ದಿನ. 'ಬರೇ ಹತ್ತು ಮಿನಿಟ್' ಅಂದರು. (ಬೆಳಗಾವಿ ಕಡೆಯವರ ಹತ್ತು ಮಿನಿಟು ಎಷ್ಟು ಉದ್ದ ಅಂತ ಅವರನ್ನು ಕಟ್ಟಿಕೊಂಡವರಿಗೇ ಗೊತ್ತು.)

ಒಳಗೆ ಹೋದ ಕೂಡಲೇ ಅವರು ಗಂಡಸರ ಕಡೆ ಮಾಯವಾದರು. ನಾನು ಹೆಂಗಸರ ಗ್ಯಾಲರಿಯಲ್ಲಿ ಒಂದು ಖಾಲಿ ಜಾಗ ಹುಡುಕಿ ಕುಳಿತೆ. ಪಕ್ಕದಲ್ಲೇ ಈಕೆ.

ಕುಸ್ತಿ ಅಂದರೆ ನನಗೆ ನೆನಪಾಗುವುದು ಚಿಕ್ಕಂದಿನ ಕಾರ್ಡುಗಳು. ಟಿವಿಯಲ್ಲಿ ವಿದೇಶಿ ಪೈಲ್ವಾನರು ಕುರ್ಚಿ ಎತ್ತಿ ಹೊಡೆದಾಡುತ್ತಿದ್ದ ಕಾಲ ಅದು. ಅವರ ಫೋಟೋ ಇರುವ ಇಸ್ಪೀಟಿನಂಥ ಕಾರ್ಡುಗಳನ್ನು ನನ್ನ ತಮ್ಮಂದಿರು ಜೀವದಂತೆ ಕಾಯುತ್ತಿದ್ದರು. ಎತ್ತರ, ತೂಕ, ಎದೆಯ ಸುತ್ತಳತೆ, ತೋಳಿನ ಸುತ್ತಳತೆ ಎಲ್ಲ ಅದರಲ್ಲಿ ಅಚ್ಚಾಗಿರುತ್ತಿತ್ತು. ಯಾವ ಪೈಲ್ವಾನನ ಕಾರ್ಡಿನಲ್ಲೂ ಅವನಿಗೊಬ್ಬಳು ತಾಯಿ ಇದ್ದಾಳೆ ಎನ್ನುವ ಮಾಹಿತಿ ಇರುತ್ತಿರಲಿಲ್ಲ. ನನಗೂ ಹೊಳೆದಿರಲಿಲ್ಲ ಬಿಡಿ. ಅದು ಹೊಳೆಯಲು ಹಳಿಯಾಳಕ್ಕೇ ಬರಬೇಕಾಯಿತು.

ಆಕೆಯ ಹೆಸರು ಗಂಗವ್ವ. ಮುಂಡಗೋಡ ತಾಲೂಕಿನ ಚಿಗಳ್ಳಿಯವರು. ಗೋವಿನಜೋಳ, ಭತ್ತ, ಎರಡು ಎಮ್ಮೆ, ಒಬ್ಬಳೇ ಮಗಳು. ಮಗಳು ಶಿವಲೀಲಾ ಕಾಲೇಜು ಓದುತ್ತಾಳೆ, ಕುಸ್ತಿ ಆಡುತ್ತಾಳೆ. ಅವತ್ತು ಮಹಿಳೆಯರ ವಿಭಾಗದ ಫೈನಲ್ಲಿಗೆ ಬಂದು ಮುಟ್ಟಿದ್ದಳು. ಗೆದ್ದವಳಿಗೆ ಬೆಳ್ಳಿಯ ಗದೆ.

'ಫೈನಲ್ ಅಂತೀರಿ, ನೋಡಬೇಕಲ್ರೀ ಮತ್ತ?' ಅಂದೆ.

'ಹ್ವಾದ ವರ್ಸ ನೋಡಿದ್ನಿರಿ' ಎಂದರು ಗಂಗವ್ವ, ಗೋಡೆಯನ್ನೇ ನೋಡುತ್ತ. 'ಇಲ್ಲೇ, ಇದ ಮ್ಯಾಟಿನ ಮ್ಯಾಲ. ಕುತ್ತಿಗಿ ಮ್ಯಾಲ ಬಿದ್ಲು. ಏಳಲಿಲ್ಲ. ಏಳ್ತಾಳ ಏಳ್ತಾಳ ಅಂತ ನೋಡ್ಕೋತ ನಿಂತ್ನಿ, ಏಳಲೇ ಇಲ್ಲ.'

ಹುಬ್ಬಳ್ಳಿಯ ಆಸ್ಪತ್ರೆ, ಕೊರಳಿಗೆ ಪಟ್ಟಿ, ತಿಂಗಳುಗಟ್ಟಲೆ ಹಾಸಿಗೆ. ಗಂಜಿಯನ್ನು ಚಮಚದಲ್ಲಿ ಕುಡಿಸಿದ್ದು. ಬೆಳೆದ ಮಗಳ ತಲೆ ತಾವೇ ಬಾಚಿದ್ದು. ಎಲ್ಲವನ್ನೂ ಯಾವುದೋ ಹಳೆಯ ಮದುವೆಯ ಸುದ್ದಿ ಹೇಳುವಷ್ಟು ನಿಧಾನವಾಗಿ ಹೇಳಿದರು. ಕೊನೆಗೆ ಡಾಕ್ಟರು ಪೂರ್ತಿ ಪರೀಕ್ಷೆ ಮಾಡಿ, ಎಲ್ಲ ಸರಿಯಾಗಿದೆ, ಆಡಬಹುದು ಎಂದರಂತೆ.

'ಡಾಕ್ಟರು ಹೂಂ ಅಂದ್ರು. ನಾ ಅನಲಿಲ್ಲ.'

ಹಾಗಾದರೆ ಮಗಳು ಇವತ್ತು ಇಲ್ಲಿಗೆ ಹೇಗೆ ಬಂದಳು? ಅಲ್ಲೇ ಇದೆ ಕತೆ. ತಾಯಿ ಮಗಳ ನಡುವೆ ಒಂದು ಕರಾರು ಆಗಿತ್ತು. ಇದೊಂದು ಪಂದ್ಯಾವಳಿ ಆಡಬಹುದು. ಗದೆ ಗೆದ್ದರೆ ಮುಂದೆ ಎಲ್ಲಿಗೆ ಬೇಕಾದರೂ ಹೋಗಬಹುದು. ಸೋತರೆ ಕುಸ್ತಿ ಬಿಟ್ಟುಬಿಡಬೇಕು. ಶಿವಲೀಲಾ ಮರುಮಾತಿಲ್ಲದೆ ಒಪ್ಪಿಕೊಂಡಿದ್ದಳು.

'ಅವರಪ್ಪಾರು ಏನಂದ್ರು?'

'ಅವರೇನಂತಾರ? ನಿಮ್ಮಿಬ್ಬರ ಕುಸ್ತ್ಯಾಗ ನಾ ಬರೂದಿಲ್ಲವಾ ಅಂತ ಟ್ರ್ಯಾಕ್ಟರ್ ಹತ್ತಿ ಹ್ವಾದ್ರು.'

ನಗು ಬಂತು. ಆದರೆ ಗಂಗವ್ವ ನಗಲಿಲ್ಲ. ಅಷ್ಟರಲ್ಲಿ ಕೆಳಗೆ ರೆಫರಿ ಸೀಟಿ ಊದಿದರು.

'ಶುರು ಆತೇನ್ರೀ?'

'ಆತ್ರಿ. ನಿಮ್ಮ ಮಗಳು ಯಾರು?'

ಅವರು ತಿರುಗದೆ ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಿದರು. 'ಅಕೀನ.'

ಮ್ಯಾಟಿನ ಮೇಲೆ ಇಬ್ಬರು ಹುಡುಗಿಯರಿದ್ದರು. ಒಬ್ಬಳದು ಕೆಂಪು ಉಡುಪು, ಒಬ್ಬಳದು ನೀಲಿ. ಹೆಬ್ಬೆರಳು ನೆಟ್ಟಗೆ ಕೆಂಪಿನ ಕಡೆಗೇ ಇತ್ತು. ಸರಿ, ಕೆಂಪು ಅಂದುಕೊಂಡೆ. ನನ್ನ ಕಾಮೆಂಟರಿ ಶುರುವಾಯಿತು.

'ನಿಮ್ಮ ಮಗಳು ಮುಂದ ಬಂದಾಳ್ರಿ... ಅಕೀ ಕೈ ಹಿಡದಾಳ... ಬಿಡಿಸಿಕೊಂಡ್ಲು... ಈಗ ಕಾಲಿಗೇ ಕೈ ಹಾಕಿದ್ಲು ನೋಡ್ರಿ... ಕೆಡವಿದ್ಲು! ಕೆಡವಿದ್ಲ್ರೀ!'

'ಹೌದ?' ಗಂಗವ್ವನ ಬೆನ್ನು ನೆಟ್ಟಗಾಯಿತು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

'ಮ್ಯಾಲ ಕುಂತಾಳ್ರಿ ನಿಮ್ಮ ಮಗಳು! ಆ ಹುಡಿಗಿ ಅಲ್ಲಾಡವಲ್ಲದು.'

ನನಗೇ ಹುಮ್ಮಸ್ಸು ಬಂದಿತ್ತು. ಇಡೀ ಮೈದಾನ ಕೂಗುತ್ತಿತ್ತು, ನಾನೂ ಕೂಗುತ್ತಿದ್ದೆ. ಆಗ ಧ್ವನಿವರ್ಧಕ ಗೊಗ್ಗರು ದನಿಯಲ್ಲಿ ಹೇಳಿತು: 'ಕೆಂಪು, ನಮ್ಮ ಹಳಿಯಾಳದ ಮರಿಯಾ, ಮತ್ತೆರಡು ಪಾಯಿಂಟ್!'

ಗಂಗವ್ವ ಕರಡಿಗೆಯಿಂದ ಕೈ ತೆಗೆದರು. ಆಮೇಲೆ ಬಹಳ ಸಮಾಧಾನದಿಂದ ಅಂದರು: 'ಅಕ್ಕಾರ, ನಂದು ನೀಲಿರಿ.'

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇಷ್ಟು ಹೊತ್ತು ಆ ತಾಯಿಗೆ ನಾನು ಅವರ ಮಗಳು ಪೆಟ್ಟು ತಿನ್ನುವುದನ್ನೇ ಜಯಭೇರಿಯಂತೆ ವರ್ಣಿಸಿದ್ದೆ. ಕ್ಷಮೆ ಕೇಳಿದೆ. 'ಇರಲಿ ಬಿಡ್ರಿ, ಹೊಳ್ಳಿ ನೋಡದಾಕಿ ನಾನು, ನಿಮ್ಮದೇನು ತಪ್ಪು' ಅಂದರು.

ಆಮೇಲೆ ನೀಲಿಯನ್ನು ಸರಿಯಾಗಿ ನೋಡಿದೆ. ಎಣ್ಣೆಗಪ್ಪು ಬಣ್ಣದ, ಉದ್ದ ತೋಳಿನ ಹುಡುಗಿ. ಕೂದಲನ್ನು ಬಿಗಿಯಾಗಿ ಎರಡು ಜಡೆ ಹೆಣೆದು ತಲೆಗೆ ಅಂಟಿಸಿಕೊಂಡಿದ್ದಳು. ಅವಳ ಮುಖದಲ್ಲಿ ಸಿಟ್ಟಾಗಲಿ ಭಯವಾಗಲಿ ಇರಲಿಲ್ಲ. ಲೆಕ್ಕದ ಪರೀಕ್ಷೆಯಲ್ಲಿ ಕುಳಿತವರ ಮುಖ ಇರುತ್ತದಲ್ಲ, ಅಂಥ ಮುಖ. ಎದುರಾಳಿ ಮರಿಯಾ ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಹುಡುಗಿ. ಗಟ್ಟಿ ಮೈ, ಮಿಂಚಿನ ಕಾಲು. ಮೈದಾನದ ಮುಕ್ಕಾಲು ಪಾಲು ಜನ ಅವಳ ಕಡೆಗಿದ್ದರು. ಮೊದಲ ಸುತ್ತು ಮುಗಿದಾಗ ಮರಿಯಾ ಒಳ್ಳೆಯ ಅಂತರದಲ್ಲಿ ಮುಂದಿದ್ದಳು.

ಸಣ್ಣ ವಿರಾಮ ಸಿಕ್ಕಿತು. ಗಂಗವ್ವನ ತುಟಿಗಳು ಏನೋ ಜಪಿಸುತ್ತಿದ್ದವು.

'ದೇವರಿಗೆ ಏನಂತ ಬೇಡ್ಕೊಳ್ಳಾಕತ್ತೀರಿ?' ಎಂದು ಕೇಳಿದೆ. (ಕೇಳಬಾರದಿತ್ತು. ಅಂಕಣ ಬರೆಯುವವರಿಗೆ ಇರುವ ಕೆಟ್ಟ ಚಟ ಇದು.)

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

'ಅದ ತಿಳಿವಲ್ಲದ್ರಿ ಅಕ್ಕಾರ. ಗೆಲ್ಲಲಿ ಅಂತ ಬಾಯಿ ತಗೀತೇನಿ. ಗೆದ್ರ ಮತ್ತ ಮ್ಯಾಟು, ಮತ್ತ ಕುತ್ತಿಗಿ, ಮತ್ತ ನಂಗ ನಿದ್ದಿ ಇಲ್ಲ. ಸೋಲಲಿ ಅಂತ ಯಾವ ತಾಯಿ ಬೇಡ್ಕೋತಾಳ ಹೇಳ್ರಿ? ಅದಕ್ಕ ಬರೇ ಶಿವಾ ಶಿವಾ ಅನ್ನಾಕತ್ತೇನಿ. ಮುಂದಿಂದು ಅವಗ ಬಿಟ್ಟದ್ದು.'

ಬಾಟಲಿಯಲ್ಲಿದ್ದ ನೀರು ಕೊಟ್ಟೆ. ಒಂದು ಗುಟುಕು ಕುಡಿದರು.

ಎರಡನೇ ಸುತ್ತಿನಲ್ಲಿ ನಾನು ಬಹಳ ಜವಾಬ್ದಾರಿಯಿಂದ ವರ್ತಿಸಿದೆ. ಬಣ್ಣ ಹೇಳಿ, ಹೆಸರು ಹೇಳಿ, ಆಮೇಲೆ ಏನಾಯಿತು ಹೇಳುತ್ತಿದ್ದೆ. 'ನೀಲಿ, ಶಿವಲೀಲಾ, ಅಕೀ ಸೊಂಟ ಹಿಡದಾಳ್ರಿ.' 'ನೀಲಿ, ಹಿಂದ ಬಂದಾಳ, ಪಾಯಿಂಟ್ ಬಂತ್ರಿ.' 'ಮತ್ತ ಬಂತು!' ಮರಿಯಾ ದಣಿದಿದ್ದಳು. ಶಿವಲೀಲಾ ಒಂದೊಂದೇ ಪಾಯಿಂಟು ಗಳಿಸುತ್ತ ಹತ್ತಿರ ಬರುತ್ತಿದ್ದಳು. ಮರಿಯಾಳ ಕಡೆಯವರ ಕೂಗು ತಗ್ಗಿತು. ಇನ್ನೊಂದು ಪಟ್ಟು ಬಿದ್ದಿದ್ದರೆ ಗದೆ ಚಿಗಳ್ಳಿಗೆ ಹೋಗುತ್ತಿತ್ತು.

ಶಿವಲೀಲಾ ಆ ಪಟ್ಟಿಗೇ ಮುನ್ನುಗ್ಗಿದಳು. ಮರಿಯಾ ಅದಕ್ಕೇ ಕಾದಿದ್ದಳೋ ಏನೋ. ಒಮ್ಮೆಲೇ ಬಗ್ಗಿ, ತಿರುಗಿ, ಶಿವಲೀಲಾಳನ್ನು ಭುಜದ ಮೇಲಿಂದ ಎತ್ತಿ ಒಗೆದಳು.

ನನ್ನ ಮಾತು ನಿಂತುಹೋಯಿತು.

ಶಿವಲೀಲಾ ಅಂಗಾತ ಬಿದ್ದಿದ್ದಳು. ಮರಿಯಾ ಅವಳ ಎದೆಯ ಮೇಲಿದ್ದಳು. ಎರಡೂ ಭುಜ ಮ್ಯಾಟಿಗೆ ತಾಗಿದರೆ ಕುಸ್ತಿ ಅಲ್ಲಿಗೇ ಮುಗಿಯುತ್ತದೆ, ಅಷ್ಟು ನನಗೂ ಗೊತ್ತಿತ್ತು. ತಾಗದಂತೆ ಅವಳು ಏನು ಮಾಡಿದ್ದಳು ಗೊತ್ತೇ? ಹಿಮ್ಮಡಿ ಊರಿ, ನೆತ್ತಿಯನ್ನು ಮ್ಯಾಟಿಗೆ ಒತ್ತಿ, ಇಡೀ ಮೈಯನ್ನು ಕಮಾನಿನಂತೆ ಮೇಲಕ್ಕೆತ್ತಿ ಹಿಡಿದಿದ್ದಳು. ತನ್ನ ಭಾರ, ಮೇಲಿರುವ ಮರಿಯಾಳ ಭಾರ, ಎರಡೂ ಇದ್ದದ್ದು ಕೊರಳಿನ ಮೇಲೆ. ಅದೇ ಕೊರಳಿನ ಮೇಲೆ.

'ಅಕ್ಕಾರ?' ಎಂದರು ಗಂಗವ್ವ.

ಚೆನ್ನಾಗಿದ್ದಾಳೆ ಅನ್ನಲೇ? ಬಿದ್ದಿದ್ದಾಳೆ ಅನ್ನಲೇ?

'ಅಕ್ಕಾರ, ಏನಾತ್ರೀ? ಯಾಕ ಸುಮ್ಮನಾದ್ರಿ?'

ಮರುಕ್ಷಣ ಗಂಗವ್ವ ತಿರುಗಿ ನೋಡಿದರು.

ಈಗ ಕಿರುಚುತ್ತಾರೆ ಅಂದುಕೊಂಡೆ. ಬಿಡಿಸ್ರಿ, ಸಾಕು ಮಾಡ್ರಿ ಅಂತ ಓಡುತ್ತಾರೆ ಅಂದುಕೊಂಡೆ. ಅವರು ಕೂತಲ್ಲಿಂದ ಏಳಲಿಲ್ಲ. ನನ್ನ ಮುಂಗೈಯನ್ನು ಹಿಡಿದುಕೊಂಡರು. ಎಮ್ಮೆ ಹಿಂಡುವ ಕೈ ಅದು, ನನ್ನ ಬಳೆ ಒಡೆದು ಚರ್ಮಕ್ಕೆ ಒತ್ತಿತು. ಕಣ್ಣು ರೆಪ್ಪೆ ಬಡಿಯದೆ ಮ್ಯಾಟಿನ ಮೇಲೇ ಇತ್ತು. ಆ ಗದ್ದಲದಲ್ಲಿ ನನಗೊಬ್ಬಳಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಅಂದರು:

'ಹಿಡಿ... ಹಿಡಿ ನನ್ನವ್ವಾ... ಹಿಡಿ.'

ಶಿವಲೀಲಾ ಹಿಡಿದಳು. ಮರಿಯಾ ಒತ್ತಿದಳು, ಹೊರಳಿಸಿದಳು, ಇಡೀ ಮೈ ಹಾಕಿ ಮತ್ತೆ ಒತ್ತಿದಳು. ಕಮಾನು ಬಾಗಿತು, ನಡುಗಿತು, ಮುರಿಯಲಿಲ್ಲ. ರೆಫರಿ ಬೋರಲಾಗಿ ಮಲಗಿ, ಭುಜಕ್ಕೂ ಮ್ಯಾಟಿಗೂ ನಡುವೆ ಗಾಳಿ ಇದೆಯೇ ಎಂದು ಇಣುಕಿ ನೋಡುತ್ತಲೇ ಇದ್ದರು. ಇತ್ತು. ಸಮಯ ಮುಗಿದ ಹಾರನ್ ಮೊಳಗುವವರೆಗೂ ಇತ್ತು.

ಅವಳು ಚಿತ್ ಆಗಲಿಲ್ಲ. ಆದರೆ ಎತ್ತಿ ಒಗೆದದ್ದಕ್ಕೆ ಸಿಕ್ಕ ಪಾಯಿಂಟುಗಳು ಮರಿಯಾಳ ಖಾತೆಗೆ ಸೇರಿದ್ದವು. ಶಿವಲೀಲಾ ಸೋತಿದ್ದಳು.

ರೆಫರಿ ಮರಿಯಾಳ ಕೈ ಎತ್ತಿದರು. ಅವಳ ಕಡೆಯವರು ಹಲಗೆ ಬಾರಿಸಿದರು, ಪಟಾಕಿ ಹಚ್ಚಿದರು. ಶಿವಲೀಲಾ ಎದ್ದು ನಿಂತು, ಕೊರಳನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿಸಿ ನೋಡಿಕೊಂಡಳು. ನನ್ನ ಮುಂಗೈ ಮೇಲಿನ ಹಿಡಿತ ಸಡಿಲಾಯಿತು. 'ತಿರುಗಾಕತ್ತೈತಿ' ಎಂದರು ಗಂಗವ್ವ. ಅವರಿಗೆ ಆ ಹೊತ್ತಿಗೆ ಗದೆಯ ನೆನಪಿದ್ದಂತೆ ಕಾಣಲಿಲ್ಲ.

ಶಿವಲೀಲಾ ಮರಿಯಾಳ ಕೈ ಕುಲುಕಿದಳು, ರೆಫರಿಗೆ ನಮಸ್ಕಾರ ಮಾಡಿದಳು. ಮ್ಯಾಟಿನಿಂದ ಕೆಳಗಿಳಿಯಬೇಕಿತ್ತು. ಇಳಿಯಲಿಲ್ಲ. ನಟ್ಟನಡುವಿನ ವೃತ್ತದಲ್ಲಿ ಕುಳಿತು ಬೂಟಿನ ಲೇಸು ಬಿಚ್ಚತೊಡಗಿದಳು.

'ಅಲ್ಲ್ಯಾಕ ಕುಂತ್ಲು? ಬೂಟ್ ಯಾಕ ಬಿಚ್ಚಾಕತ್ತಾಳ?' ಎಂದು ಕೇಳಿದರು ಗಂಗವ್ವ.

ಇದು ನನಗೆ ಗೊತ್ತಿತ್ತು. ಕುಸ್ತಿ ಗೊತ್ತಿರದ ನನ್ನಂಥವರೂ ಮೊಬೈಲಿನಲ್ಲಿ ಇಂಥ ವಿಡಿಯೋ ಒಂದೆರಡು ನೋಡಿರುತ್ತೇವೆ. ಕುಸ್ತಿಯಿಂದ ನಿವೃತ್ತರಾಗುವವರು ಕೊನೆಯ ಪಂದ್ಯ ಆಡಿ, ಬೂಟು ಬಿಚ್ಚಿ ಮ್ಯಾಟಿನ ನಡುವೆ ಇಟ್ಟು, ಬರಿಗಾಲಲ್ಲಿ ಹೊರಗೆ ನಡೆಯುತ್ತಾರೆ. ಬಾಯಲ್ಲಿ ಹೇಳುವ ವಿದಾಯ ಬೇಕಾಗುವುದಿಲ್ಲ. ಆದರೆ ಅವರೆಲ್ಲ ಹತ್ತಾರು ವರ್ಷ ಆಡಿ, ಪದಕ ಗೆದ್ದು, ಮೈ ಸೋತವರು. ಇವಳಿನ್ನೂ ಕಾಲೇಜಿನ ಹುಡುಗಿ.

ಹೇಳಲೋ ಬೇಡವೋ ಅಂತ ಒಂದು ಗಳಿಗೆ ಯೋಚಿಸಿದೆ. ನೋಡಿ ಹೇಳ್ರಿ ಅಂತ ತಾನೇ ಆಕೆ ನನ್ನನ್ನು ನೇಮಿಸಿಕೊಂಡದ್ದು?

'ಗಂಗವ್ವಾರ, ಕುಸ್ತಿ ಬಿಡಾವರು ಹಂಗ ಮಾಡ್ತಾರ್ರಿ. ಬೂಟ್ ಅಲ್ಲೇ ಬಿಟ್ಟು ಹೋದ್ರ ಮುಗೀತು ಅಂತ. ಇನ್ನ ಮ್ಯಾಲ ಆಡೂದಿಲ್ಲ ಅಂತ.'

ಗಂಗವ್ವ ಮಗಳನ್ನು ನೋಡಿದರು. ಅವಳು ಒಂದು ಬೂಟು ಬಿಚ್ಚಿ, ಎರಡನೆಯದಕ್ಕೆ ಕೈ ಹಾಕಿದ್ದಳು. ಅಳುತ್ತಿರಲಿಲ್ಲ. ಕೊಟ್ಟ ಮಾತನ್ನು ಚೊಕ್ಕವಾಗಿ ಮುಗಿಸುವವರ ಹಾಗೆ ಲೇಸನ್ನು ಸುತ್ತಿ ಬೂಟಿನ ಒಳಗೆ ತುರುಕುತ್ತಿದ್ದಳು. ಜನರಿಗೂ ಅರ್ಥವಾಗತೊಡಗಿತ್ತು. ಹಲಗೆ ನಿಂತಿತು. ಗದೆಗಾಗಿ ಕೈಚಾಚಿ ನಿಂತಿದ್ದ ಮರಿಯಾ ಚಾಚಿದ ಕೈ ಕೆಳಗಿಳಿಸಿ ತಿರುಗಿ ನೋಡಿದಳು. 'ಏ, ಯಾಕ?' ಎಂದು ಅವಳು ಕೂಗಿದ್ದು ಗ್ಯಾಲರಿಯವರೆಗೂ ಕೇಳಿಸಿತು.

ಅಷ್ಟರಲ್ಲಿ ನನ್ನ ಪಕ್ಕ ಖಾಲಿಯಾಗಿತ್ತು.

ಗಂಗವ್ವ ಮೆಟ್ಟಿಲಿಳಿಯುತ್ತಿದ್ದರು. ಓಡುತ್ತಿರಲಿಲ್ಲ. ಹೊಲದ ಬದುವಿನ ಮೇಲೆ ನಡೆದಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಕೆಳಗೆ ಬ್ಯಾಡ್ಜ್ ಹಾಕಿದ ಒಬ್ಬರು ಕೈ ಅಡ್ಡ ಹಿಡಿದು, 'ಅವ್ವಾರ, ಮ್ಯಾಟಿನ ಮ್ಯಾಲ ಹೊರಗಿನವರು ಬರಂಗಿಲ್ರಿ' ಎಂದರು.

'ನಾ ಅಕೀ ಅವ್ವ ಅದೇನಿ' ಎಂದರು ಗಂಗವ್ವ. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಮ್ಯಾಟಿನ ಅಂಚಿಗೆ ಕೈಮುಟ್ಟಿಸಿ ಹಣೆಗೊತ್ತಿಕೊಂಡು, ಹತ್ತಿಯೇಬಿಟ್ಟರು. ಬ್ಯಾಡ್ಜಿನವರು ಕೈ ತೆಗೆದರು. ಇನ್ನೇನು ಮಾಡಿಯಾರು?

ನಾನೂ ಹಿಂದೆಯೇ ಇಳಿದು ಮ್ಯಾಟಿನ ಅಂಚಿನವರೆಗೆ ಹೋಗಿದ್ದೆ. ಹಾಗಾಗಿ ಮುಂದಿನ ಮಾತುಗಳನ್ನು ಕಿವಿಯಾರೆ ಕೇಳಿದ್ದೇನೆ.

ಎರಡೂ ಬೂಟು ಜೋಡಿಸಿಟ್ಟು ಎದ್ದಿದ್ದ ಶಿವಲೀಲಾ ತಾಯಿಯನ್ನು ಕಂಡು ಗಾಬರಿಯಾದಳು. 'ಅವ್ವಾ, ನೀ ಯಾಕ ಬಂದಿ? ನಂಗೇನೂ ಆಗಿಲ್ಲ. ಕುತ್ತಿಗಿ ಬರೋಬರಿ ಐತಿ.'

ಗಂಗವ್ವ ಬಗ್ಗಿ ಬೂಟುಗಳನ್ನು ಎತ್ತಿಕೊಂಡರು.

'ಅವ್ವಾ, ಅವನ್ನ ಅಲ್ಲೇ ಇಡಬೇಕು.'

'ಯಾಕ ಇಡಬೇಕು? ತಗೊಂಡು ಆರು ತಿಂಗಳಾಗಿಲ್ಲ. ಇಲ್ಲಿ ಬಿಟ್ಟು ಹೋಗೂ ಅಂಥಾದ್ದೇನಾಗೈತಿ?'

ಶಿವಲೀಲಾಳ ದನಿ ಮೊದಲ ಬಾರಿಗೆ ಒಡೆಯಿತು. 'ನೀನ ಹೇಳಿದ್ಯಲ್ಲವಾ. ಸೋತ್ರ ಬಿಡಬೇಕು ಅಂತ. ನಾ ಸೋತ್ನಿ.'

'ಹೇಳಿದ್ನಿ. ನೋಡಲಾರದ ಹೇಳಿದ್ನಿ' ಎಂದರು ಗಂಗವ್ವ. 'ಈಗ ನೋಡೇನಿ.'

ಮಗಳು ನಿಂತಲ್ಲೇ ನಿಂತಳು. ಆಮೇಲೆ ತಾಯಿಯ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಸೋತಾಗ ಬಾರದ ಅಳು ಆಗ ಬಂತು. ಗಂಗವ್ವ ಒಂದು ಕೈಯಲ್ಲಿ ಬೂಟು ಹಿಡಿದುಕೊಂಡು, ಇನ್ನೊಂದು ಕೈಯಿಂದ ಮಗಳ ಕೊರಳಿನ ಹಿಂಭಾಗವನ್ನು, ಜಡೆಯ ಕೆಳಗೆ, ಮೆಲ್ಲಗೆ ತಿಕ್ಕುತ್ತಿದ್ದರು. ಇಡೀ ಮೈದಾನ ಎದ್ದು ನಿಂತಿತ್ತು. ಚಪ್ಪಾಳೆ ಶುರು ಮಾಡಿದ್ದು ಮರಿಯಾ. ಮೈಕಿನವರಿಗೆ ಏನು ಹೇಳಬೇಕೋ ತೋಚದೆ, 'ದಯವಿಟ್ಟು ಎಲ್ಲರೂ ಕುಳಿತುಕೊಳ್ಳಬೇಕು' ಎಂದರು. ಯಾರೂ ಕೂರಲಿಲ್ಲ.

ಎದುರುಗಡೆಯ ಗಂಡಸರ ಗುಂಪಿನಲ್ಲಿ ನಮ್ಮ ಯಜಮಾನರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದದ್ದು ಕಾಣಿಸಿತು. (ಧೂಳು ಅಂದರು ಆಮೇಲೆ. ಇರಬಹುದು.)

ಬಹುಮಾನ ಎಲ್ಲ ಮುಗಿದ ಮೇಲೆ ಹೊರಗೆ ಬೇವಿನ ಮರದ ಕೆಳಗೆ ಗಂಗವ್ವ ಗಂಟು ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಮ್ಮನ್ನೂ ಬಿಡಲಿಲ್ಲ. ಬೆಳ್ಳಿಯ ಗದೆಯನ್ನು ಹೆಗಲ ಮೇಲೆ ಹೊತ್ತು ಮರಿಯಾ ಹುಡುಕಿಕೊಂಡು ಬಂದಳು. ಗದೆಯನ್ನು ಮರಕ್ಕೆ ಒರಗಿಸಿ, ಶಿವಲೀಲಾಳ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತು, 'ನಿನ್ನ ಕುತ್ತಿಗಿ ಏನ್ ಕಬ್ಬಿಣದ್ದೇನ? ನನ್ನ ತೋಳು ಸೋತು ಹೋದ್ವು ನೋಡು' ಎಂದಳು.

'ಮುಂದಿನ ಸಲ ಬಾ, ತೋರಸ್ತೇನಿ' ಎಂದಳು ಶಿವಲೀಲಾ. ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡು ತಾಯಿಯ ಮುಖ ನೋಡಿದಳು.

ಗಂಗವ್ವ ಮರಿಯಾಳ ಕೈಗೆ ಎರಡು ರೊಟ್ಟಿ ಇಟ್ಟರು. 'ಮುಂದಿನ ಸಲ ಹಂಗ ಎತ್ತಿ ಒಗೀಬ್ಯಾಡವಾ' ಎಂದರು. ಮೂವರೂ ನಕ್ಕರು.

ಹೊರಡುವಾಗ ನಾನು ಗಂಗವ್ವನನ್ನು ಪಕ್ಕಕ್ಕೆ ಕರೆದು, 'ಹೆದರಿಕಿ ಹೋತೇನ್ರೀ?' ಎಂದು ಕೇಳಿದೆ.

'ಎಲ್ಲಿ ಹೊಕ್ಕೈತ್ರಿ? ಅದು ಇಲ್ಲೇ ಇರತೈತಿ' ಎಂದು ಎದೆ ಮುಟ್ಟಿಕೊಂಡರು. 'ಆದ್ರ ಅಕ್ಕಾರ, ನಾ ಮನ್ಯಾಗ ಕುಂತು ನೆನಸಿಕೊಂಡಾಗ ಅಕೀ ಬರೇ ಬೀಳಾಕತ್ತಿದ್ಲ್ರಿ. ಹ್ವಾದ ವರ್ಸದಿಂದ ಬಿದ್ದಾಕಿ ಬಿದ್ದಂಗ. ಇವತ್ತು ಏಳೂದು ಕಂಡೇನಿ.'

ದಾಂಡೇಲಿಯ ಕಡೆಗೆ ಕಾರು ಹೊರಟಿತು. ರಸ್ತೆಯ ಎರಡೂ ಬದಿ ತೇಗದ ಮರಗಳು, ಸಂಜೆಯ ಬಿಸಿಲು. ನನಗೆ ನಮ್ಮ ಓಣಿಯ ಒಂದು ಸಂಗತಿ ನೆನಪಾಯಿತು.

ನಮ್ಮ ಪಕ್ಕದ ಮನೆಯ ಹುಡುಗಿ ಒಂದೆರಡು ಸಲ ಕಾಳಿ ನದಿಯಲ್ಲಿ ರಾಫ್ಟ್ ಏರಿ ಹುಟ್ಟು ಹಾಕಿ ಬಂದು, ಅದನ್ನು ನಡೆಸುವುದನ್ನೂ ಕಲಿಯುತ್ತೇನೆ ಅಂತ ಕೇಳಿದ್ದಳು. ಮನೆಯವರು ಬೇಡ ಎಂದರು. ರಾಫ್ಟುಗಳು ಹೊರಡುವ ಮೌಳಂಗಿ ನಮ್ಮ ಓಣಿಯಿಂದ ಎಷ್ಟು ದೂರ? ಇಂದಿನವರೆಗೂ ಅವರಲ್ಲಿ ಒಬ್ಬರೂ ಅಲ್ಲಿಗೆ ಹೋಗಿ, ಅವಳು ಹುಟ್ಟು ಹಿಡಿದು ಕೂತದ್ದನ್ನು ನೋಡಿಲ್ಲ. ಅವರನ್ನು ದೂರುತ್ತಿಲ್ಲ. ಅವರ ಪ್ರೀತಿ ಸುಳ್ಳಲ್ಲ, ಅವರ ಭಯವೂ ಸುಳ್ಳಲ್ಲ. ಗಂಗವ್ವನದು ಸುಳ್ಳಾಗಿತ್ತೇ? ಮಕ್ಕಳು ಬೀಳುವುದನ್ನು ನಾವು ಮನಸ್ಸಿನಲ್ಲೇ ಎಷ್ಟು ಸಲ ನೋಡುತ್ತೇವೆಂದರೆ, ಅವರು ನಿಜವಾಗಿ ಏನು ಮಾಡುತ್ತಿದ್ದಾರೆ ಎಂದು ನೋಡಲು ಕಣ್ಣಿನಲ್ಲಿ ಜಾಗವೇ ಉಳಿದಿರುವುದಿಲ್ಲ.

ಈ ವಾರ ನಿಮ್ಮ ಮನೆಯಲ್ಲೂ ಯಾವುದಕ್ಕೋ 'ಬೇಡ' ಅಂದಿರುತ್ತೀರಿ. ನೋಡಿ ಅಂದಿರಾ, ನೋಡಲಾರದೆ ಅಂದಿರಾ?